ಡ್ರೂಪಲ್‌ನ ಅಪ್‌ಡೇಟ್ ಮೇಲ್: ಪುಟದಲ್ಲಿ ಕಂಡದ್ದು ಮೇಲ್‌ನಲ್ಲಿ ಏಕೆ ಬರಲಿಲ್ಲ?

ಡ್ರೂಪಲ್ ಎಂದರೆ ಜಾಲತಾಣ ಕಟ್ಟುವ ತಂತ್ರಾಂಶ. ಅದರ ಮಾಡ್ಯೂಲ್‌ಗಳಿಗೆ (ಹೊಸ ಸೌಲಭ್ಯ ಸೇರಿಸುವ ತುಣುಕುಗಳಿಗೆ) ಹೊಸ ಆವೃತ್ತಿ ಬಂದಾಗ ನಿರ್ವಾಹಕರಿಗೆ ಸುದ್ದಿ ಮುಟ್ಟಿಸುವುದು ಡ್ರೂಪಲ್ ಜೊತೆಗೇ ಬರುವ ‘ಅಪ್‌ಡೇಟ್’ ಮಾಡ್ಯೂಲಿನ ಕೆಲಸ. ‘ಅವೈಲಬಲ್ ಅಪ್‌ಡೇಟ್ಸ್’ ವರದಿಯ ಸೆಟ್ಟಿಂಗ್ಸ್‌ಗೆ ಹೋಗಿ, ಪರಿಶೀಲನೆ ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಎಂದು ಆರಿಸಿ, ಇಮೇಲ್ ವಿಳಾಸಗಳನ್ನು ಸಾಲಿಗೊಂದರಂತೆ ತುಂಬಿದರೆ ಆಯಿತು.

ನನ್ನ ತಲೆ ತಿಂದದ್ದು ಮುಂದಿನ ಸಂಗತಿ. ‘ಚೆಕ್ ಮ್ಯಾನ್ಯುಯಲಿ’ ಒತ್ತಿದರೆ ಹಳೆಯದಾದ ಮಾಡ್ಯೂಲ್‌ಗಳೆಲ್ಲ ಪುಟದಲ್ಲಿ ಕಾಣುತ್ತವೆ. ಮೇಲ್ ಮಾತ್ರ ಬರುವುದಿಲ್ಲ. ಅನುಮಾನ ನೇರವಾಗಿ ಮೇಲ್ ಸರ್ವರ್ ಮೇಲೆ ಹೋಗುತ್ತದೆ, ಪಾಪ, ಅದರ ತಪ್ಪೇನೂ ಇಲ್ಲ. ಡ್ರೂಪಲ್ ಎರಡು ಸಮಯಗಳನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ: ಕೊನೆಯ ಪರಿಶೀಲನೆ ಯಾವಾಗ ಆಯಿತು, ಕೊನೆಯ ಮೇಲ್ ಯಾವಾಗ ಹೋಯಿತು. ಗುಂಡಿ ಒತ್ತಿದಾಗ ಬದಲಾಗುವುದು ಮೊದಲನೆಯದು ಮಾತ್ರ. ಮೇಲ್ ಕಳುಹಿಸುವ ಕೋಡ್ ಇರುವುದು ಕ್ರಾನ್‌ನಲ್ಲಿ, ಅಂದರೆ ಆಗಾಗ ತಾನೇ ಓಡಬೇಕಾದ ಹಿನ್ನೆಲೆ ಕೆಲಸಗಳಲ್ಲಿ. ಕ್ರಾನ್ ಓಡಿದಾಗ, ಕೊನೆಯ ಮೇಲ್ ಹೋಗಿ ಒಂದು ದಿನ ಅಥವಾ ವಾರ ಕಳೆದಿದ್ದರೆ ಮಾತ್ರ ಹೊಸದು ಹೊರಡುತ್ತದೆ. ಹಾಗಾಗಿ ಗುಂಡಿಯನ್ನು ಎಷ್ಟು ಒತ್ತಿದರೂ ಮೇಲ್ ಬರುವುದಿಲ್ಲ.

ಆ ಕ್ರಾನ್ ತಾನೇ ಓಡುತ್ತಿದೆಯೇ? ಅದನ್ನು ಓಡಿಸುವ ಡ್ರೂಪಲ್‌ನ ‘ಆಟೊಮೇಟೆಡ್ ಕ್ರಾನ್’ ಮಾಡ್ಯೂಲಿನ ಮೂಲ ಅವಧಿ 3 ಗಂಟೆ; ಆದರೆ ಯಾರಾದರೂ ತಾಣಕ್ಕೆ ಬಂದರೆ ಮಾತ್ರ ಅದಕ್ಕೆ ಎಚ್ಚರ. ತಾಣದ ಮುಂದೆ ಸಿಡಿಎನ್ (ಪುಟಗಳ ಪ್ರತಿ ಇಟ್ಟುಕೊಂಡು ಹಂಚುವ ಸರ್ವರ್ ಜಾಲ) ಕೂತು ಪುಟಗಳನ್ನು ತಾನೇ ಕೊಡುತ್ತಿದ್ದರೆ ಬಂದವರ ಸುಳಿವೂ ಡ್ರೂಪಲ್‌ಗೆ ಸಿಗುವುದಿಲ್ಲ. ಸರ್ವರ್‌ನ ಕ್ರಾನ್‌ಟ್ಯಾಬ್‌ನಲ್ಲಿ (ಹೊತ್ತುಹೊತ್ತಿಗೆ ಓಡಬೇಕಾದ ಆದೇಶಗಳ ಪಟ್ಟಿಯಲ್ಲಿ) ಡ್ರೂಪಲ್‌ನ ಕ್ರಾನ್ ಓಡಿಸುವ ಒಂದು ಸಾಲು ಬರೆದುಬಿಡುವುದೇ ಮೇಲು.

ಯಾವುದಕ್ಕೆ ಮೇಲ್ ಬೇಕು ಎಂದು ಸೆಟ್ಟಿಂಗ್ಸ್ ಕೇಳುವಲ್ಲಿ ‘ಎಲ್ಲ ಹೊಸ ಆವೃತ್ತಿಗಳು’ ಎಂದು ಆರಿಸಬೇಡಿ. ಅಪ್‌ಡೇಟ್ ಬಾಕಿ ಇರುವಷ್ಟು ದಿನವೂ ಮೇಲ್ ಬರುತ್ತಲೇ ಇರುತ್ತದೆ, ಜನ ಓದದೆ ಅಳಿಸುವುದನ್ನು ಕಲಿಯುತ್ತಾರೆ. ಭದ್ರತಾ ಅಪ್‌ಡೇಟ್ ಮಾತ್ರ ಸಾಕು.

ಹಾಗೆಂದು ಭದ್ರತೆಗೆ ಇದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಡ್ರೂಪಲ್‌ನ ಭದ್ರತಾ ಪ್ರಕಟಣೆಗಳು ಸಾಮಾನ್ಯವಾಗಿ ಬುಧವಾರ ಬರುತ್ತವೆ. ನಮ್ಮ ಗಡಿಯಾರದಲ್ಲಿ ಅದು ಬುಧವಾರ ರಾತ್ರಿ. 2014ರ ಅಕ್ಟೋಬರ್ 15ರಂದು ಡ್ರೂಪಲ್ 7ರ ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷ (ಹೊರಗಿನವರು ಡೇಟಾಬೇಸ್‌ಗೆ ತಮ್ಮ ಆದೇಶ ತೂರಿಸಲು ಬಿಡುವಂಥದ್ದು) ಪ್ರಕಟವಾಯಿತು. ಪ್ರಕಟಣೆಯಾದ 7 ಗಂಟೆಯೊಳಗೆ ಸರಿಪಡಿಸದ ತಾಣ ದಾಳಿಗೆ ಒಳಗಾಗಿದೆ ಎಂದೇ ಭಾವಿಸಿ ಎಂದು ಭದ್ರತಾ ತಂಡ ಆಮೇಲೆ ಎಚ್ಚರಿಸಿತು. ಆ 7 ಗಂಟೆ ಮುಗಿದಾಗ ಇಲ್ಲಿ ಗುರುವಾರ ನಸುಕಿನ 4.30. ದಿನಕ್ಕೊಮ್ಮೆಯ ಪರಿಶೀಲನೆಯೇ ಇಲ್ಲಿ ತಡ, ವಾರದ್ದಂತೂ ಕೇಳಲೇಬೇಡಿ.

ಆದ್ದರಿಂದ ಡ್ರೂಪಲ್.ಆರ್ಗ್‌ನ ಖಾತೆಯಲ್ಲಿ ಭದ್ರತಾ ಸುದ್ದಿಪತ್ರಕ್ಕೆ ಚಂದಾದಾರರಾಗಿ, ಇಲ್ಲವೇ ಅದರ ಆರ್‌ಎಸ್‌ಎಸ್ ಫೀಡನ್ನು ಕಚೇರಿಯ ಚಾಟ್‌ಗೆ ಜೋಡಿಸಿ. ಇವೆರಡಕ್ಕೂ ನಿಮ್ಮ ತಾಣದ ಕ್ರಾನ್‌ನ ಹಂಗಿಲ್ಲ. ಪಿಎಚ್‌ಪಿ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವ ಸಾಧನವಾದ ಕಂಪೋಸರ್‌ನಲ್ಲಿ 2.4ನೇ ಆವೃತ್ತಿಯಿಂದ ‘ಆಡಿಟ್’ ಎಂಬ ಆದೇಶವೂ ಇದೆ. ದೋಷವಿರುವ ಪ್ಯಾಕೇಜ್ ಸಿಕ್ಕರೆ ಅದು ವಿಫಲವಾಗಿ ಮುಗಿಯುತ್ತದೆ, ಹಾಗಾಗಿ ಪ್ರತಿದಿನ ಓಡುವ ಸ್ಕ್ರಿಪ್ಟ್‌ನಲ್ಲಿ ಇಟ್ಟು ವಿಫಲವಾದಾಗ ಮಾತ್ರ ಸಂದೇಶ ಬರುವಂತೆ ಮಾಡಬಹುದು.