ಗೋಡೆ ಬಾಯಿ ಬಿಡುವ ಮೊದಲು

ಕೊಳ್ಳುವ ಮೊದಲು ಮನೆ ತೋರಿಸಲು ಕರೆದುಕೊಂಡು ಹೋಗುವವರೆಲ್ಲ ನನ್ನನ್ನು ದಾರಿಯಲ್ಲೇ ಕೇಳಿಬಿಡುತ್ತಾರೆ: "ಸರ್, ಹೊಸದು ತಗೊಳ್ಳೋದು ಒಳ್ಳೇದಾ, ಹಳೇದಾ?" ನಾನು ಕಟ್ಟಡದ ಎಂಜಿನಿಯರ್. ಇಷ್ಟು ವರ್ಷ ಪಾಯ, ಗೋಡೆ, ತಾರಸಿ ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಹಳೆಯ ಮನೆ ತನ್ನ ಕಷ್ಟವನ್ನೆಲ್ಲ ಆಗಲೇ ಹೇಳಿಕೊಂಡಿರುತ್ತದೆ, ಕೇಳಿಸಿಕೊಳ್ಳುವವರು ಬೇಕು. ಹೊಸ ಮನೆ ಇನ್ನೂ ಬಾಯಿ ಬಿಟ್ಟಿರುವುದಿಲ್ಲ. ಹಳೆಯದರ ದುರಸ್ತಿ ಖರ್ಚು ಪೂರ್ತಿ ನಿಮ್ಮ ತಲೆಯ ಮೇಲೆ. ಹೊಸದರಲ್ಲಿ ಮೊದಲ ಕೆಲವು ವರ್ಷದ ದೋಷಗಳನ್ನು ಕಟ್ಟಿದವರೇ ಸರಿಪಡಿಸಿಕೊಡಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳಬಹುದು. ಬಾಯಿಮಾತಿನ ಭರವಸೆ ಲೆಕ್ಕಕ್ಕಿಲ್ಲ.

ಹೊಸ ಮನೆ ಅಂದರೆ ನೀರು ಕುಡಿದು ಕೂತಿರುವ ಮನೆ. ಕಾಂಕ್ರೀಟಿಗೆ ಬೆರೆಸಿದ ನೀರು, ಗಾರೆಯ ನೀರು, ಕ್ಯೂರಿಂಗ್‌ಗೆಂದು (ಕಾಂಕ್ರೀಟು ಸರಿಯಾಗಿ ಗಟ್ಟಿಯಾಗಲೆಂದು) ದಿನಗಟ್ಟಲೆ ಸುರಿದ ನೀರು, ಎಲ್ಲವೂ ಒಳಗಿದೆ. ಕಾಂಕ್ರೀಟು 28 ದಿನಕ್ಕೆ ಲೆಕ್ಕದ ಬಲಕ್ಕೆ ಬರುತ್ತದೆ ನಿಜ, ಆದರೆ ಒಣಗಲು ಅದಕ್ಕಿಂತ ಬಹಳ ಹೆಚ್ಚು ಸಮಯ ಬೇಕು. ದಪ್ಪದ ಪ್ರತಿ 25 ಮಿ.ಮೀ.ಗೆ ಸುಮಾರು ಒಂದು ತಿಂಗಳು ಎಂಬುದು ಕಸುಬಿನವರ ಒರಟು ಅಂದಾಜು. 125 ಮಿ.ಮೀ. ಸ್ಲ್ಯಾಬಿಗೆ ಐದು ತಿಂಗಳಾಯಿತು, ಗಾಳಿಯಲ್ಲೇ ತೇವವಿದ್ದರೆ ಇನ್ನೂ ಹೆಚ್ಚು. ಒಣಗುತ್ತ ಕಾಂಕ್ರೀಟು ಕುಗ್ಗುತ್ತದೆ. ಪಕ್ಕದ ಇಟ್ಟಿಗೆ ಗೋಡೆ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹಾಗಾಗಿ ಕಂಬವೂ ಗೋಡೆಯೂ ಸೇರುವ ಕಡೆ ಕೂದಲೆಳೆಯ ಗೆರೆಯೊಂದು ಮೂಡುತ್ತದೆ. ಗೃಹಪ್ರವೇಶವಾದ ಆರೇ ತಿಂಗಳಿಗೆ ಇದನ್ನು ಕಂಡು ನಿದ್ದೆಗೆಟ್ಟವರು ನನಗೆ ಫೋನ್ ಮಾಡುತ್ತಾರೆ. ಆ ಗೆರೆಗೆ ಹೆದರಬೇಕಿಲ್ಲ. ಅವಸರದಲ್ಲಿ ಹಸಿ ಗೋಡೆಗೆ ಅಂಟಿಸಿ ನಿಲ್ಲಿಸಿದ ಮರದ ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದಲ್ಲ, ನನಗೆ ಆತಂಕ ಅದರದ್ದು. ಮೊದಲ ವರ್ಷ ಗೋಡೆಗೂ ಕಪಾಟಿಗೂ ನಡುವೆ ಅಂಗೈಯಗಲ ಜಾಗ ಬಿಡಿ.

ಹೆದರಬೇಕಾದ ಬಿರುಕು ಬೇರೆಯೇ ಇದೆ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯ ಎರಡೂ ಬದಿ ಕಾಣುವುದು, ಇಟ್ಟಿಗೆಯ ಸಂದಿನಲ್ಲಿ ಮೆಟ್ಟಿಲಿನ ಹಾಗೆ ಏರುವುದು, ಒಂದು ತುದಿಯಲ್ಲಿ ಸಣ್ಣದಿದ್ದು ಇನ್ನೊಂದು ತುದಿಯಲ್ಲಿ ಅಗಲವಾಗಿರುವುದು. ಪಾಯ ಒಂದು ಕಡೆ ಕುಸಿಯುತ್ತಿದ್ದರೆ ಗೋಡೆ ಹೀಗೆ ಒಡೆಯುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಹಾಕಿ, ಪಕ್ಕದಲ್ಲೇ ತಾರೀಕು, ಮಿಲಿಮೀಟರಿನಲ್ಲಿ ಅಗಲ ಬರೆದಿಡಿ. ಮೂರು ತಿಂಗಳ ಮೇಲೆ ಬಿರುಕು ಗೆರೆ ದಾಟಿದ್ದರೆ ಅದು ಇನ್ನೂ ಬೆಳೆಯುತ್ತಿದೆ ಎಂದರ್ಥ.

ಇನ್ನು ಹೊಸ ಮನೆಯಲ್ಲಿ ನಾಣ್ಯದ ಅಂಚಿನಿಂದ ಟೈಲ್ಸ್ ಒಂದೊಂದನ್ನೇ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾರೆ ಕೂತಿಲ್ಲ. ಬಚ್ಚಲಿನ ನೀರು ಹೋಗುವ ತೂತು ಮುಚ್ಚಿ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೂರು ನೋಡಿ. ಇದಕ್ಕೆ ಒಪ್ಪದ ಮಾರಾಟಗಾರರ ಮನೆಯನ್ನು ನಾನಾದರೆ ಕೊಳ್ಳುವುದಿಲ್ಲ.

ಹಳೆಯ ಮನೆಯ ದೊಡ್ಡ ಶತ್ರು ತುಕ್ಕು. ಕಾಂಕ್ರೀಟಿನ ಕ್ಷಾರಗುಣವೇ ಒಳಗಿನ ಕಬ್ಬಿಣದ ಕಂಬಿಯನ್ನು ಕಾಯುತ್ತಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷದಿಂದ ವರ್ಷಕ್ಕೆ ಒಳಗಿಳಿದು ಆ ಗುಣವನ್ನು ತೆಗೆಯುತ್ತ ಬರುತ್ತದೆ. ಅದು ಕಂಬಿಯವರೆಗೆ ಮುಟ್ಟಿ, ಜೊತೆಗೆ ತೇವವೂ ಸೇರಿತೆಂದರೆ ತುಕ್ಕು ಶುರು. ತುಕ್ಕಾದ ಕಬ್ಬಿಣ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಹೊದಿಕೆಯ ಕಾಂಕ್ರೀಟನ್ನು ಒಳಗಿನಿಂದಲೇ ತಳ್ಳಿ ಬೀಳಿಸುತ್ತದೆ. ಬಾಲ್ಕನಿಯ, ಸಜ್ಜಾದ ಅಡಿಭಾಗಕ್ಕೆ ಟಾರ್ಚ್ ಹಿಡಿದು ನೋಡಿ. ಕಂಬಿ ಇರುವ ಜಾಡಿನಲ್ಲೇ ಕಂದು ಗೆರೆ, ಉಬ್ಬು ಕಂಡರೆ ಬಣ್ಣ ಬಳಿದು ಮುಗಿಸುವ ಕೆಲಸವಲ್ಲ ಅದು. ವಿದ್ಯುತ್ ವೈರಿಂಗ್ ಹಳತಾಗಿದ್ದರೆ ಅರ್ಥಿಂಗ್ ಇದೆಯೇ, ಸೋರುವ ಕರೆಂಟು 30 ಮಿಲಿಆಂಪಿಯರ್ ಆಗುವಷ್ಟರಲ್ಲಿ ಕಡಿತ ಮಾಡುವ ಆರ್‌ಸಿಸಿಬಿ ಇದೆಯೇ ಎಂದು ಕೇಳಿ. ಇದು ಜೀವದ ವಿಷಯ.

ಒಮ್ಮೆ ಬಿಸಿಲಿನ ದಿನ ಹಳೆಯ ಮನೆಯೊಂದನ್ನು ನೋಡಿ "ಪರವಾಗಿಲ್ಲ, ತಗೊಳ್ಳಿ" ಎಂದಿದ್ದೆ. ಮಲಗುವ ಕೋಣೆಯ ಒಂದೇ ಒಂದು ಗೋಡೆಗೆ ಹೊಸ ಬಣ್ಣವಿತ್ತು. ಯಾಕೆ ಒಂದಕ್ಕೆ ಮಾತ್ರ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಮೊದಲ ಜೋರು ಮಳೆಗೆ ಆ ಗೋಡೆಯ ಬಣ್ಣ ಹಪ್ಪಳದ ಹಾಗೆ ಎದ್ದಿತು, ಕೆಳಗೆ ಬಿಳಿ ಉಪ್ಪು. ಆ ಮನೆಯ ಅಮ್ಮ ನನ್ನನ್ನು ಬೈಯಲಿಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ಮಳೆ ಬಿದ್ದ ಮರುದಿನ ಇನ್ನೊಮ್ಮೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡದೆ ಯಾರಿಗೂ ಹೂಂ ಎಂದಿಲ್ಲ.

ಕೊಂಡ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಎನ್ನುವವರು ಹಳೆಯ ಮನೆಗೆ ಕೈ ಹಾಕಬೇಡಿ. ದುರಸ್ತಿಗೆ ಹಣ ಎತ್ತಿಟ್ಟವರು ಮೊದಲು ತಾರಸಿ, ಆಮೇಲೆ ನೀರಿನ ಪೈಪು, ವೈರಿಂಗ್, ಕಡೆಗೆ ಬಣ್ಣ ಎಂಬ ಸರದಿ ತಪ್ಪಿಸಬೇಡಿ. ನನ್ನ ಸ್ವಂತ ಒಲವು ಕೇಳಿದರೆ, ಐದರಿಂದ ಹತ್ತು ವರ್ಷ ಆಗಿರುವ ಮನೆ. ಕಾಂಕ್ರೀಟು ಕುಗ್ಗುವುದು, ಪಾಯ ಮಣ್ಣಿನಲ್ಲಿ ಕೂರುವುದು ಬಹುಮಟ್ಟಿಗೆ ಮುಗಿದಿರುತ್ತದೆ. ಕೆಲಸ ಸರಿಯಾಗಿದ್ದರೆ ತುಕ್ಕಿನ ಕಾಲ ಇನ್ನೂ ದೂರ. ಅಕ್ಕಪಕ್ಕದವರು ಎಂಥವರು, ನೀರು ಹೇಗೆ ಬರುತ್ತದೆ ಎಂಬುದೂ ಗೊತ್ತಾಗುತ್ತದೆ.

ಈಚೆಗೆ ಗಂಡ ಹೆಂಡತಿ ಇಬ್ಬರು ಅಂಥದೇ ಮನೆ ತೋರಿಸಿದರು. ಅಡುಗೆಮನೆ ಕಿಟಕಿಯ ಮೂಲೆಯಲ್ಲಿ ಓರೆ ಬಿರುಕು, ಅಗಲ 1 ಮಿ.ಮೀ. ಮಾಲೀಕರ ಒಪ್ಪಿಗೆ ಪಡೆದು ಪೆನ್ಸಿಲ್ ಗೆರೆ ಹಾಕಿ ಬಂದೆವು. ಮೂರು ತಿಂಗಳು, ಎರಡು ದೊಡ್ಡ ಮಳೆ ಕಳೆದು ಹೋದಾಗ ಆ ಹೆಣ್ಣುಮಗಳು ಕುರ್ಚಿ ಹತ್ತಿ, ಕನ್ನಡಕ ಹಾಕಿಕೊಂಡು ತಾವೇ ನೋಡಿದರು. ಬಿರುಕು ಗೆರೆಯ ಒಳಗೇ ಇತ್ತು. ಮುಂಗಡ ಕೊಟ್ಟಿದ್ದು ಆಮೇಲೆ.