ಟೆನರ್ ಅಂದರೆ ತಾರಸ್ಥಾಯಿ ಅಲ್ಲ

‘ಫ್ರಿಟ್ಜ್ ವುಂಡರ್ಲಿಖ್, ಜರ್ಮನಿಯ ಹೆಸರಾಂತ ತಾರಸ್ಥಾಯಿ ಗಾಯಕ.’ ಮೊನ್ನೆ ಓದಿದ ಬರಹವೊಂದು ಹೀಗೆ ಶುರುವಾಗಿತ್ತು. ಇಂಥದ್ದು ಕಣ್ಣಿಗೆ ಬೀಳುತ್ತಿರುವುದು ಎಷ್ಟನೇ ಸಲವೋ, ಎಣಿಸುವುದನ್ನು ಬಿಟ್ಟಿದ್ದೇನೆ. ಪಾಶ್ಚಾತ್ಯ ಸಂಗೀತದ ‘ಟೆನರ್’ ಅನ್ನೋ ಪದ ಕಂಡ ಕೂಡಲೇ ತಾರಸ್ಥಾಯಿ ಅಂತ ಬರೆದು ಕೈ ತೊಳೆದುಕೊಳ್ಳುವುದು ರೂಢಿಯೇ ಆಗಿಬಿಟ್ಟಿದೆ.

ತಾರಸ್ಥಾಯಿ ಒಂದು ಜಾಗ. ಟೆನರ್ ಒಂದು ಕಂಠ. ನಮ್ಮ ಗಾಯಕರು ಮಂದ್ರಕ್ಕೆ ಇಳಿಯುತ್ತಾರೆ, ತಾರಕ್ಕೆ ಏರುತ್ತಾರೆ. ಅದೆಲ್ಲ ಅವರವರ ಷಡ್ಜದಿಂದ ಹಿಡಿದ ಲೆಕ್ಕ. ದಪ್ಪ ದನಿಯವರಿಗೂ ತಾರಸ್ಥಾಯಿ ಇದೆ, ಕೀಚಲು ದನಿಯವರಿಗೂ ಮಂದ್ರ ಇದೆ. ಟೆನರ್ ಹಾಗಲ್ಲ, ಅದು ಗಂಡಸಿನ ದನಿಯಲ್ಲಿ ಒಂದು ಬಗೆ. ಬೇಸ್ ಮತ್ತು ಬ್ಯಾರಿಟೋನ್‌ಗಿಂತ ಮೇಲಿನದು, ನಿಜ. ಆದರೆ ನಾಲ್ಕು ದನಿಯ ಸಮೂಹಗಾನದಲ್ಲಿ, ಅಂದರೆ ಕಾಯರ್‌ನಲ್ಲಿ, ಮೇಲಿಂದ ಎಣಿಸಿ ನೋಡಿ: ಸೊಪ್ರಾನೊ, ಆಲ್ಟೊ, ಟೆನರ್, ಬೇಸ್. ಮೂರನೆಯದು, ಅಲ್ವಾ? ಮಂಗಳೂರು ಕಡೆ ಚರ್ಚ್ ಕಾಯರ್‌ನಲ್ಲಿ ಹಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸ್ಯಾಕ್ಸೋಫೋನ್‌ನಲ್ಲೂ ಇದೇ ಕತೆ. ಕದ್ರಿ ಗೋಪಾಲನಾಥರು ನುಡಿಸುತ್ತಿದ್ದುದು ಆಲ್ಟೊ. ಟೆನರ್ ಸ್ಯಾಕ್ಸೋಫೋನ್ ಅದಕ್ಕಿಂತ ದೊಡ್ಡದು, ಅದರ ದನಿ ಇನ್ನೂ ಕೆಳಗೆ.

ಈ ಪದದಲ್ಲಿ ‘ಎತ್ತರ’ ಅನ್ನೋದು ಇಲ್ಲವೇ ಇಲ್ಲ. ಲ್ಯಾಟಿನ್ನಿನ ‘ತೆನೆರೆ’ ಅಂದರೆ ಹಿಡಿ, ಹಿಡಿದುಕೊ. ಇದರ ಬಳಗ ನಮಗೆ ದಿನಾ ಎದುರಾಗುವಂಥದ್ದು. ಬಾಡಿಗೆಗೆ ಮನೆ ಹಿಡಿದವನು ಟೆನೆಂಟ್. ಕುರ್ಚಿ ಹಿಡಿದು ಕೂತಷ್ಟು ಕಾಲ ಟೆನ್ಯೂರ್. ಮೇಲಿನವರ ಜಾಗ ಹಿಡಿದು ನಿಂತವನು ಲೆಫ್ಟಿನೆಂಟ್. ಮನೆ ಸಾಲದ ಕಾಗದದಲ್ಲಿ ‘ಟೆನರ್: 240 ತಿಂಗಳು’ ಅಂತ ಇದ್ದರೆ ಅದು ಅಚ್ಚಿನ ತಪ್ಪಲ್ಲ, ಇದೇ ಪದ. ಇಪ್ಪತ್ತು ವರ್ಷ ನಿಮ್ಮನ್ನು ಹಿಡಿದಿಡುತ್ತದೆ.

ಹಾಡಿನಲ್ಲಿ ಹಿಡಿಯುವುದು ಏನನ್ನು? 1200ರ ಆಸುಪಾಸಿನ ಪ್ಯಾರಿಸ್ಸಿಗೆ ಹೋಗಬೇಕು. ನೋತ್ರ್ ದಾಮ್ ಚರ್ಚಿನಲ್ಲಿ ಪೆರೋತಾಂ ಮುಂತಾದ ಸಂಗೀತ ರಚನಕಾರರು ಹಳೆಯ ಪ್ರಾರ್ಥನೆಯ ಧಾಟಿಯೊಂದನ್ನು ತೆಗೆದುಕೊಂಡು, ಅದರ ಒಂದೊಂದು ಸ್ವರವನ್ನೂ ಎಳೆದೆಳೆದು ಹಾಡಿಸುತ್ತಿದ್ದರು. ಮೇಲಿನ ದನಿಗಳು ಅದರ ಸುತ್ತ ಕುಣಿಯುತ್ತವೆ, ಕೆಳಗಿನದು ಮಾತ್ರ ಅಲ್ಲಾಡುವುದಿಲ್ಲ. ಅಂಥ ಒಂದು ಪ್ರಾರ್ಥನೆಯಲ್ಲಿ ‘ವಿದೇರುಂತ್’ ಅನ್ನೋ ಪದದ ‘ವಿ’ ಒಂದನ್ನೇ ಎಷ್ಟು ಹೊತ್ತು ಹಿಡಿಯುತ್ತಾರೆ ಅಂದರೆ ಮೊದಲ ಸಲ ಕೇಳಿದಾಗ ಫೋನೇ ಹ್ಯಾಂಗ್ ಆಯಿತೇನೋ ಅಂದುಕೊಂಡಿದ್ದೆ. ಹೀಗೆ ಧಾಟಿಯನ್ನು ಹಿಡಿದು ನಿಲ್ಲುವ ದನಿಗೆ ಟೆನರ್ ಅಂತ ಹೆಸರಾಯಿತು. ತಂಬೂರಿ ಅಂದುಕೊಳ್ಳಬೇಡಿ, ತಂಬೂರಿಗೆ ಧಾಟಿ ಇಲ್ಲ. ಇಲ್ಲಿ ಇದೆ, ಆಮೆ ನಡಿಗೆಯಲ್ಲಿ.

ಉಳಿದ ಹೆಸರುಗಳಲ್ಲಿ ಎರಡು ಹುಟ್ಟಿದ್ದೂ ಇದರಿಂದಲೇ. ಟೆನರ್‌ಗೆ ಎದುರಾಗಿ ಹಾಡುವ ದನಿ ಕಾಂಟ್ರಾಟೆನರ್. ಆಮೇಲೆ ಅದು ಎರಡಾಯಿತು. ಮೇಲಿನದು ‘ಆಲ್ತುಸ್’, ಕೆಳಗಿನದು ‘ಬಾಸುಸ್’. ಅವೇ ಇಂದಿನ ಆಲ್ಟೊ ಮತ್ತು ಬೇಸ್. ಅಂದರೆ ಟೆನರ್ ನಡುಗಂಬ. ಅದರ ಮೇಲೆ, ಅದರ ಕೆಳಗೆ ಅಂತ ಬೇರೆಯವರ ಹೆಸರು. ಅದನ್ನೇ ತಾರಕ್ಕೆ ಏರಿಸಿದರೆ ಹೇಗೆ?

ಜರ್ಮನ್ನರಲ್ಲಂತೂ ಟೆನರ್ ಎರಡಿದೆ. ಎರಡನೇ ಅಕ್ಷರ ಒತ್ತಿ ‘ಟೆನೋರ್’ ಅಂದರೆ ಗಾಯಕ. ಮೊದಲ ಅಕ್ಷರ ಒತ್ತಿದರೆ ಮಾತಿನ ಒಟ್ಟು ಧಾಟಿ, ಕೋರ್ಟಿನಲ್ಲಾದರೆ ತೀರ್ಪಿನ ಆದೇಶದ ಭಾಗ. ಬರೆಯುವುದು ಒಂದೇ ಥರ.

ಎತ್ತರದ ಗುಂಗು ಹತ್ತಿದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಮೇಲಿನ ಸ್ವರಗಳನ್ನು ಟೆನರ್‌ಗಳು ಹಗುರ ಮಾಡಿ, ಕಳ್ಳದನಿಯಲ್ಲಿ ಮುಟ್ಟಿ ಬರುತ್ತಿದ್ದರು. 1837ರಲ್ಲಿ ಪ್ಯಾರಿಸ್ಸಿನ ಆಪೆರಾ ರಂಗಮಂದಿರದಲ್ಲಿ (ಆಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ) ಗಿಲ್ಬೆರ್ ದ್ಯುಪ್ರೆ ಎಂಬ ಟೆನರ್ ತನ್ನ ಕಂಠಕ್ಕೆ ಬಲು ಮೇಲಿನದಾದ ‘ಹೈ ಸಿ’ ಸ್ವರವನ್ನು ತುಂಬಿದ ಎದೆದನಿಯಲ್ಲಿ ಹಾಡಿದ. ಜನ ಹುಚ್ಚೆದ್ದರು. ಅಲ್ಲಿಂದ ಟೆನರ್ ಅಂದರೆ ಆ ಒಂದು ಸ್ವರ ಅನ್ನುವ ಹಾಗಾಯಿತು.

ಇನ್ನೊಂದು ಗೊಂದಲ ‘ಹೆಲ್ಡನ್‌ಟೆನರ್’, ವುಂಡರ್ಲಿಖ್‌ಗೆ ಅದನ್ನು ಬಿರುದಿನ ಹಾಗೆ ಅಂಟಿಸುವವರಿದ್ದಾರೆ. ‘ಹೆಲ್ಡ್’ ಅಂದರೆ ವೀರ. ಜರ್ಮನ್ ರಂಗಮಂದಿರಗಳು ಗಾಯಕರನ್ನು ‘ಫಾಖ್’ ನೋಡಿ ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಫಾಖ್ ಅಂದರೆ ಕಪಾಟಿನ ಖಾನೆ. ಹೆಲ್ಡನ್‌ಟೆನರ್ ಅಂಥ ಒಂದು ಖಾನೆ, ಬಿರುದಲ್ಲ. ಜರ್ಮನ್ ಆಪೆರಾ ರಚನಕಾರ ವಾಗ್ನರನ ದೊಡ್ಡ ವಾದ್ಯವೃಂದದ ಎದುರು ಗಂಟೆಗಟ್ಟಲೆ ಹಾಡಿ ಉಳಿಯಬಲ್ಲ ದಪ್ಪ, ಕಂಚಿನ ದನಿ. ಕೆಳಗಿನ ಸ್ವರಗಳಲ್ಲೂ ಬಲ ಬೇಕು. ವಾಗ್ನರನ ಒಂದು ಆಪೆರಾದ ನಾಯಕ ಟ್ರಿಸ್ಟಾನ್ ಇಂಥ ದನಿಯ ಪಾತ್ರ. ಮೊದಲ ಟ್ರಿಸ್ಟಾನ್ ಲುಡ್ವಿಗ್ ಶ್ನೋರ್ 1865ರ ಜೂನ್ 10ರಂದು ಮ್ಯೂನಿಕ್‌ನಲ್ಲಿ ಆ ಪಾತ್ರ ಹಾಡಿದ. ಒಟ್ಟು ನಾಲ್ಕು ಸಲ ಹಾಡಿದ್ದು, ಅಷ್ಟೇ. ಆರು ವಾರದೊಳಗೆ ತೀರಿಕೊಂಡ, 29ನೇ ವಯಸ್ಸಿನಲ್ಲಿ. ಪಾತ್ರವೇ ಅವನನ್ನು ಕೊಂದಿತು ಅಂತ ಜನ ಆಡಿಕೊಂಡರು. ಇರಲಿ.

ವುಂಡರ್ಲಿಖ್‌ನ ಖಾನೆ ಅದಲ್ಲ. ಆತ ಲಿರಿಕ್ ಟೆನರ್, ಮೃದು ದನಿಯವನು. ವಾಗ್ನರನ ಆಪೆರಾಗಳಲ್ಲಿ ಆತನ ಧ್ವನಿಮುದ್ರಿಕೆ ಹುಡುಕಿದರೆ ಸಿಗುವುದು ಚುಕ್ಕಾಣಿ ಹಿಡಿಯುವ ನಾವಿಕನಂಥ ಸಣ್ಣ ಪಾತ್ರಗಳು. ‘ಮಹಾನ್ ಹೆಲ್ಡನ್‌ಟೆನರ್’ ಅಂತ ಬರೆಯುವವರು ಒಂದು ಸಲ ಕೇಳಿ ಬರೆದರೆ ಚೆನ್ನ. ಹುಟ್ಟಿದ್ದು 1930ರಲ್ಲಿ, ಕೂಸೆಲ್ ಎಂಬ ಚಿಕ್ಕ ಊರಿನಲ್ಲಿ. ಅಪ್ಪ ಬೇಗ ಹೋದ, ಅಮ್ಮ ಪಿಟೀಲು ನುಡಿಸುತ್ತಿದ್ದಳು. ಫ್ರೈಬುರ್ಗ್‌ನಲ್ಲಿ ಓದುವಾಗ ಡ್ಯಾನ್ಸ್ ಬ್ಯಾಂಡಿನಲ್ಲಿ ನುಡಿಸಿ ಖರ್ಚು ನೋಡಿಕೊಂಡ. ಹಾಡಿನ ಜೊತೆ ಹಾರ್ನ್ ಎಂಬ ಊದುವ ವಾದ್ಯ ಕೂಡ ಕಲಿತ. ಆ ಉಸಿರಿನ ಹಿಡಿತ ಬಂದಿದ್ದು ಅಲ್ಲಿಂದಲೇ ಅಂತ ನನಗನ್ನಿಸುತ್ತದೆ. 1955ರಲ್ಲಿ ಸ್ಟುಟ್‌ಗಾರ್ಟ್ ಆಪೆರಾ ಸೇರಿದ. ಹೆಸರು ತಂದಿದ್ದು ಮೊಟ್ಸಾರ್ಟನ ‘ಮಾಯಾ ಕೊಳಲು’ ಆಪೆರಾದ ತಮಿನೊ ಪಾತ್ರ, ಅದೂ ಇನ್ನೊಬ್ಬರ ಬದಲಿಗೆ ಹಾಡಿದ್ದು. 1960ರಿಂದ ಮ್ಯೂನಿಕ್. 1966ರ ಸೆಪ್ಟೆಂಬರ್‌ನಲ್ಲಿ ಗೆಳೆಯನ ಮನೆಯ ಮೆಟ್ಟಿಲಿಂದ ಬಿದ್ದು ಸತ್ತಾಗ 36 ತುಂಬಲು ಒಂಬತ್ತು ದಿನ ಬಾಕಿ ಇತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಮೊದಲ ಸಲ ಹಾಡುವುದು ಮುಂದಿನ ತಿಂಗಳಿಗೆ ನಿಗದಿಯಾಗಿತ್ತು.

ಕಾರ್ಲ್ ಬ್ಯೋಮ್ ವಾದ್ಯವೃಂದವನ್ನು ನಡೆಸಿದ 1964ರ ‘ಮಾಯಾ ಕೊಳಲು’ ಧ್ವನಿಮುದ್ರಣದಲ್ಲಿ ತಮಿನೊ ಹುಡುಗಿಯ ಚಿತ್ರ ನೋಡಿ ಹಾಡುವ ಹಾಡು ಕೇಳಿ. ಬಾಯಿ ತೆರೆದ ಕೂಡಲೇ ಒಂದು ಜಿಗಿತ ಇದೆ, ಆಮೇಲೆ ದನಿ ನಿಧಾನವಾಗಿ ಮೆಟ್ಟಿಲು ಇಳಿಯುತ್ತದೆ. ಹಾಡಿನಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರವನ್ನು ಹಾರ್ಮೋನಿಯಂ ಮೇಲೆ ಹುಡುಕಿ. ‘ಹೈ ಸಿ’ಗೆ ಇನ್ನೂ ನಾಲ್ಕು ಮನೆ ಇರುವಾಗಲೇ ನಿಂತುಬಿಡುತ್ತದೆ.

ಅಂದ ಹಾಗೆ, ಆತನ ಹೆಸರಿನ ಅರ್ಥ ‘ಅದ್ಭುತ’ ಅಂತಲೂ ಆ ಬರಹದಲ್ಲಿತ್ತು. ಅದ್ಭುತಕ್ಕೆ ಜರ್ಮನ್ನಿನಲ್ಲಿ ‘ವುಂಡರ್‌ಬಾರ್’. ‘ವುಂಡರ್ಲಿಖ್’ ಅಂದರೆ ವಿಚಿತ್ರ.