ವಕೀಲ್-ಎ-ಗುಜರ್ ಅಂದರೆ ಯಾರು?

ಅಫ್ಘಾನಿಸ್ತಾನದ ನಗರಗಳ ಬಗ್ಗೆ ಓದುವಾಗ ಈ ಹೆಸರು ಪದೇ ಪದೇ ಸಿಗುತ್ತದೆ. ವಕೀಲ ಅಂದ ತಕ್ಷಣ ನಮಗೆ ಕರಿ ಕೋಟು ನೆನಪಾಗುತ್ತದೆ, ಅಲ್ವಾ? ದರಿ ಭಾಷೆಯಲ್ಲಿ ವಕೀಲ್ ಅಂದರೆ ಪ್ರತಿನಿಧಿ, ಗುಜರ್ ಅಂದರೆ ಕೇರಿ. ಸಾಮಾನ್ಯವಾಗಿ ಒಂದೋ ಎರಡೋ ಮಸೀದಿಗಳ ಆಸುಪಾಸಿನ ಮನೆಗಳೆಲ್ಲ ಸೇರಿ ಒಂದು ಗುಜರ್. ಅಂಥ ಹಲವು ಗುಜರ್‌ಗಳು ಸೇರಿದರೆ ಒಂದು ನಾಹಿಯಾ, ಅಂದರೆ ನಗರದ ಒಂದು ವಿಭಾಗ. ಕಾಬೂಲಿನಲ್ಲಿ 22 ನಾಹಿಯಾಗಳಿವೆ.

ಕೇರಿಯ ಹಿರಿಯರು ಕೂತು ಒಬ್ಬನನ್ನು ವಕೀಲನಾಗಿ ಆರಿಸುತ್ತಾರೆ. ನಗರಸಭೆ ಅವನನ್ನು ಒಪ್ಪಿಕೊಳ್ಳುತ್ತದೆ. ಸಂಬಳ ಇಲ್ಲ. ಕೈಯಲ್ಲಿರುವುದು ಒಂದು ಮೊಹರು ಅಷ್ಟೇ. ಆದರೆ ಆ ಮೊಹರಿಲ್ಲದೆ ಕೇರಿಯಲ್ಲಿ ಬಹಳಷ್ಟು ಕೆಲಸ ಮುಂದಕ್ಕೆ ಹೋಗುವುದಿಲ್ಲ.

ಯಾರೋ ಮನೆ ಮಾರುತ್ತಾರೆ ಅಂದುಕೊಳ್ಳಿ. ಕೋರ್ಟಿನ ಮೂಲಕ ಮಾಡಿಸಿದ ಪತ್ರಕ್ಕೆ ಶರಯೀ ಕಬಾಲಾ ಅನ್ನುತ್ತಾರೆ. ಅದಕ್ಕೆ ಆಫೀಸಿಂದ ಆಫೀಸಿಗೆ ಅಲೆಯಬೇಕು, ದುಡ್ಡೂ ಜಾಸ್ತಿ, ಕೈ ಬೆಚ್ಚಗೆ ಮಾಡುವ ಖರ್ಚು ಬೇರೆ. ಹಾಗಾಗಿ ಹೆಚ್ಚಿನವರು ಉರ್ಫಿ ಪತ್ರಕ್ಕೇ, ಅಂದರೆ ಕೋರ್ಟಿಗೆ ಹೋಗದೆ ರೂಢಿಯಂತೆ ಬರೆದುಕೊಳ್ಳುವ ಪತ್ರಕ್ಕೇ ಮೊರೆ ಹೋಗುತ್ತಾರೆ. ಒಂದು ಹಾಳೆಯ ಮೇಲೆ ಮಾರುವವರು, ಕೊಳ್ಳುವವರು ಯಾರು, ಬೆಲೆ ಎಷ್ಟು, ಚೆಕ್ಕುಬಂದಿ ಏನು ಎಂದು ಬರೆಯುತ್ತಾರೆ. ಕೆಳಗೆ ಇಬ್ಬರ ಹೆಬ್ಬೆಟ್ಟು, ಸಾಕ್ಷಿಗಳ ಸಹಿ, ಕೊನೆಗೆ ವಕೀಲನ ಮೊಹರು. ಮುಂದೆ ತಕರಾರು ಬಂದರೆ ಮೊದಲು ಕರೆಯುವುದೂ ಅವನನ್ನೇ.

ಒಬ್ಬ ಕೇರಿ ಮುಖಂಡನ ಮಾತಿಗೆ ಇಷ್ಟೊಂದು ತೂಕ ಯಾಕೆ? ಕಾಬೂಲಿಗೆ 1978ರಲ್ಲಿ ಒಂದು ಮಾಸ್ಟರ್ ಪ್ಲ್ಯಾನ್ ಆಯಿತು. ಅದನ್ನು ಹಾಕಿದ್ದು 20 ಲಕ್ಷ ಜನರ ಲೆಕ್ಕದಲ್ಲಿ. ಆಮೇಲೆ ಯುದ್ಧದ ಮೇಲೆ ಯುದ್ಧ. 2001ರ ನಂತರ ಪಾಕಿಸ್ತಾನ, ಇರಾನ್‌ಗಳಿಂದ ನಿರಾಶ್ರಿತರು ವಾಪಸ್ ಬಂದರು, ಹಳ್ಳಿಗಳಿಂದಲೂ ಜನ ಬಂದರು. ಊರು 40 ಲಕ್ಷ ದಾಟಿ ಬೆಳೆಯಿತು, ಪ್ಲ್ಯಾನ್ ಇದ್ದಲ್ಲೇ ಇತ್ತು. ಜನ ಆಸ್ಮಾಯಿ, ಶೇರ್ ದರ್ವಾಜಾ ಬೆಟ್ಟಗಳ ಇಳಿಜಾರಿನಲ್ಲಿ ಮಣ್ಣಿನ ಮನೆ ಕಟ್ಟಿಕೊಂಡರು. ಅಲ್ಲಿಗೆ ನಲ್ಲಿ ನೀರು ಹತ್ತುವುದಿಲ್ಲ, ಕ್ಯಾನುಗಳಲ್ಲಿ ಹೊರಬೇಕು. ಇನ್ನು ಕೆಲವರು ಬಂದೂಕಿರುವ ದೊಡ್ಡವರು ಹಂಚಿದ ಸರ್ಕಾರಿ ಜಾಗ ಕೊಂಡರು. ಕಾಬೂಲಿನ ಸುಮಾರು 70 ಪರ್ಸೆಂಟ್ ಜನ ಹೀಗೆ ಪ್ಲ್ಯಾನಿನ ಹೊರಗೇ ಬದುಕುತ್ತಾರೆ ಅನ್ನುವುದು ಒಂದು ಅಂದಾಜು. ನಕ್ಷೆಯಲ್ಲಿ ಆ ಮನೆಗಳೇ ಇಲ್ಲ. ಅವು ಯಾರವು ಅಂತ ಗೊತ್ತಿರುವುದು ವಕೀಲನಿಗೆ.

ಇದರ ಜೊತೆಗೆ ಸಫಾಯಿ ಅನ್ನುವ ಒಂದು ತೆರಿಗೆ ಇದೆ. ನಗರಸಭೆ ಮನೆಗಳಿಂದ, ಅಂಗಡಿಗಳಿಂದ ವಸೂಲಿ ಮಾಡುತ್ತದೆ. ಕಟ್ಟಿದ್ದಕ್ಕೆ ಗುರುತಾಗಿ ಒಂದು ಪುಸ್ತಕ ಇರುತ್ತದೆ. ಕಾನೂನಿನ ಪ್ರಕಾರ ಅದು ಮಾಲೀಕತ್ವದ ದಾಖಲೆ ಅಲ್ಲವೇ ಅಲ್ಲ. ಆದರೂ ಜನ ಅದನ್ನು ಜೋಪಾನವಾಗಿ ಇಡುತ್ತಾರೆ, ನಾಳೆ ಯಾರಾದರೂ ಮನೆ ಕೆಡವಲು ಬಂದರೆ ತೋರಿಸಲು ಏನಾದರೂ ಬೇಕಲ್ಲ!

ವಕೀಲರೆಲ್ಲ ದೇವರಂಥವರು ಅಂತೇನಲ್ಲ. ಪರಿಹಾರದ ಅಕ್ಕಿ-ಹಿಟ್ಟು ಬಂದಾಗ ಬಡವರ ಪಟ್ಟಿ ಮಾಡುವಲ್ಲಿ ಅವರ ಕೈವಾಡ ಇರುತ್ತದೆ. ನೆಂಟರ ಹೆಸರೇ ಮೇಲೆ ಬರುತ್ತದೆ ಅನ್ನುವ ದೂರು ಹಳೆಯದು. ಹೆಣ್ಣುಮಕ್ಕಳು ಈ ಜಾಗಕ್ಕೆ ಬಂದದ್ದು ತೀರಾ ಕಡಿಮೆ. ಆದರೂ ನನಗೆ ಒಂದು ವಿಚಿತ್ರ ಕಾಣುತ್ತದೆ. 2004ರ ಸಂವಿಧಾನದ 141ನೇ ವಿಧಿ ಮೇಯರನ್ನು ಜನರೇ ಆರಿಸಬೇಕು ಎಂದು ಹೇಳಿತ್ತು. ಆ ಚುನಾವಣೆ ನಡೆಯಲೇ ಇಲ್ಲ, ಮೇಯರುಗಳು ಮೇಲಿನಿಂದಲೇ ನೇಮಕವಾದರು. ನಗರದ ಆಡಳಿತದಲ್ಲಿ ಜನ ಆರಿಸಿದವನು ಅಂತ ಹೇಳಿಕೊಳ್ಳಲು ಉಳಿದದ್ದು ಹೆಚ್ಚುಕಮ್ಮಿ ಈ ಸಂಬಳವಿಲ್ಲದ ಮನುಷ್ಯ ಮಾತ್ರ.

2021ರಲ್ಲಿ ತಾಲಿಬಾನ್ ಬಂದ ಮೇಲೂ ಈ ವ್ಯವಸ್ಥೆ ಹೋಗಿಲ್ಲ. ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವುದು ಆಳುವವರಿಗೆಲ್ಲ ಬೇಕಾದ ಮಾಹಿತಿ ತಾನೆ.

ಕಷ್ಟ ಇರುವುದು ಕೇರಿಗೆ ಹೊಸಬರಾದವರಿಗೆ. 2023ರ ಕೊನೆಯಿಂದ ಪಾಕಿಸ್ತಾನ ಲಕ್ಷಗಟ್ಟಲೆ ಅಫ್ಘನ್ನರನ್ನು ವಾಪಸ್ ಕಳಿಸಿದೆ. ಅವರಲ್ಲಿ ಎಷ್ಟೋ ಜನ ಹುಟ್ಟಿದ್ದೇ ಅಲ್ಲಿ. ತಜ್ಕಿರಾ ಅನ್ನುವ ಗುರುತಿನ ಚೀಟಿ ಮಾಡಿಸಬೇಕಾದರೆ ಅಂಥವರು ಎಷ್ಟೋ ಸಲ ಅಪ್ಪ-ಅಜ್ಜನ ಕಡೆಯ ಊರು ಹುಡುಕಿಕೊಂಡು ಹೋಗಬೇಕು. ಅಲ್ಲಿ ‘ಇವರು ನಮ್ಮವರು’ ಎಂದು ಹೇಳುವ ಹಿರಿಯರೊಬ್ಬರನ್ನು ಹಿಡಿಯಬೇಕು.